ಕಡಿಮೆ ಕೂಲಿಗೆ ಹಾರಿಸಬೇಕೆ?

ಕುದಾಪುರದ ಹೆಸರು ಈಗ ದೇಶಕ್ಕೆಲ್ಲ ಗೊತ್ತು. ಗೊತ್ತಾದದ್ದು ಇಲ್ಲಿ ಬದುಕುವ ಜನರಿಂದ ಅಲ್ಲ, ಇಲ್ಲಿಯ ಆಕಾಶದಿಂದ. ಚಳ್ಳಕೆರೆ ತಾಲ್ಲೂಕಿನ ಈ ಊರು, ಪಕ್ಕದ ವರವು, ಉಳ್ಳಾರ್ತಿ, ಇವೆಲ್ಲ ಹಿಂದೆ ಅಮೃತಮಹಲ್ ಕಾವಲುಗಳಿದ್ದ ನೆಲ. ಕುರುಬರ ಕುರಿ, ಗೊಲ್ಲರ ದನ, ಮ್ಯಾಸಬೇಡರ ದೇವರೆತ್ತು, ನಮ್ಮ ಕೇರಿಯ ಒಂದೆರಡು ಮೇಕೆ, ಎಲ್ಲಕ್ಕೂ ಆ ಹುಲ್ಲೇ ಗತಿಯಾಗಿತ್ತು. 2008ರಿಂದ ಮೂರು ನಾಲ್ಕು ವರ್ಷದೊಳಗೆ ಸುಮಾರು 10,000 ಎಕರೆ ಕಾವಲು ಕೈಬಿಟ್ಟು ಹೋಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಡಿ.ಆರ್.ಡಿ.ಓ.ಗೆ 4,000 ಎಕರೆಗೂ ಮೇಲೆ, ಉಳಿದದ್ದರಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೊಂದಿಷ್ಟು, ಇಸ್ರೋಗೊಂದಿಷ್ಟು. ಗೋಡೆ ಎದ್ದವು. ಕುರಿ ಗೋಡೆಯ ಈಚೆಗೆ ಉಳಿದವು.

ಗೋಡೆಯ ಆಚೆಯಿಂದ ಹಾರಿದವು ಪೈಲಟ್ ಇಲ್ಲದ ವಿಮಾನಗಳು. 2016ರ ನವೆಂಬರಿನಲ್ಲಿ ರುಸ್ತುಂ-2 ಇಲ್ಲಿಂದಲೇ ಮೊದಲ ಸಲ ಮೇಲೆದ್ದಿತು. 2017ರ ಮೇ 28ರಂದು ವೈಮಾನಿಕ ಪರೀಕ್ಷಾ ವಲಯದ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೋದವರು ರೆಕ್ಕೆಯ ವಾಹನವೊಂದನ್ನು ಹೆಲಿಕಾಪ್ಟರಿಗೆ ತೂಗುಹಾಕಿ, ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟು, ಅದು ತಾನಾಗಿಯೇ ಇಳಿಯುವಂತೆ ಮಾಡಿ ತೋರಿಸಿದರು. ಇದೆಲ್ಲ ಸಣ್ಣ ಕೆಲಸ ಅಂತ ನಾವು ಹೇಳುತ್ತಿಲ್ಲ. ತಲೆಯೆತ್ತಿ ನೋಡಿದವರಲ್ಲಿ ನಾವೂ ಇದ್ದೆವು.

ಈಗ ಬೇರೊಂದು ಸಂಗತಿ ನಡೆದಿದೆ. ನೋಡುತ್ತಾ ನಿಂತಿದ್ದ ಹುಡುಗರ ಕೈಗೇ ರಿಮೋಟು ಬಂದಿದೆ. 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಹೊಸ ಡ್ರೋನ್ ನಿಯಮಗಳನ್ನು ತಂದಿತು. ಹತ್ತನೇ ತರಗತಿ ಪಾಸಾಗಿರಬೇಕು, ವಯಸ್ಸು 18ರಿಂದ 65ರೊಳಗಿರಬೇಕು, ಒಪ್ಪಿಗೆ ಪಡೆದ ಶಾಲೆಯಲ್ಲಿ ತರಬೇತಿ ಮುಗಿಸಿರಬೇಕು. ಇಷ್ಟಿದ್ದರೆ ಯಾವ ಜಾತಿಯವನಾದರೂ, ಯಾವ ಕೇರಿಯವಳಾದರೂ ಪೈಲಟ್ ಪ್ರಮಾಣಪತ್ರ ಪಡೆಯಬಹುದು. ಸರ್ಕಾರದ ಶುಲ್ಕ 100 ರೂಪಾಯಿ, ಪತ್ರಕ್ಕೆ ಹತ್ತು ವರ್ಷ ಆಯಸ್ಸು. ಆದರೆ ಶಾಲೆಯ ಶುಲ್ಕ ನೂರಲ್ಲ, ಹತ್ತಾರು ಸಾವಿರ. ಆ ದುಡ್ಡನ್ನು ಸ್ತ್ರೀಶಕ್ತಿ ಸಂಘದ ಸಾಲದಿಂದ, ಅಕ್ಕನ ಓಲೆಯಿಂದ, ಅಪ್ಪ ಬೆಂಗಳೂರಿನಲ್ಲಿ ಗಾರೆ ಹೊತ್ತು ಉಳಿಸಿದ್ದರಿಂದ ಹೊಂದಿಸಿಕೊಂಡವರು ನಮ್ಮಲ್ಲಿದ್ದಾರೆ. ಮನೆಗೆ ಮೊದಲ ಪದವಿ ತಂದವರು ಈಗ ಮನೆಗೆ ಮೊದಲ ಪೈಲಟ್ ಪತ್ರವನ್ನೂ ತಂದಿದ್ದಾರೆ.

ಪತ್ರ ಬಂತು, ಕೆಲಸ ಬರಲಿಲ್ಲ. ಬಂದ ಕೆಲಸಕ್ಕೆ ಕೂಲಿ ಬರಲಿಲ್ಲ. ಮದುವೆಗೆ ಕರೆಯುತ್ತಾರೆ, ಶೇಂಗಾ ಹೊಲಕ್ಕೆ ಔಷಧಿ ಹೊಡೆಯಲು ಕರೆಯುತ್ತಾರೆ, ಸೋಲಾರ್ ಹಲಗೆಗಳ ಫೋಟೋ ತೆಗೆಯಲು ಕರೆಯುತ್ತಾರೆ. ಕರೆದವರ ಮಾತು ಎಲ್ಲ ಕಡೆಯೂ ಒಂದೇ. “ನೀನಿನ್ನೂ ಹೊಸಬ. ಮೊದ್ಲು ಕೈ ಕುದುರ್ಲಿ, ದುಡ್ಡು ಆಮೇಲೆ ನೋಡನ.”

ಹೀಗಾಗಿ ನಮ್ಮೊಳಗೆ ಒಂದು ಪ್ರಶ್ನೆ ಎದ್ದಿದೆ. ಕಡಿಮೆ ಕೂಲಿಗೆ ಹಾರಿಸಬೇಕೆ, ಬೇಡವೆ? ಇದು ವ್ಯಾಪಾರದ ಪ್ರಶ್ನೆ ಅಂತ ಕೆಲವರು ನಗುತ್ತಾರೆ. ನಮಗೆ ಹಾಗೆ ಅನ್ನಿಸುವುದಿಲ್ಲ. ಒಬ್ಬ ಮನುಷ್ಯ ತನ್ನ ದುಡಿಮೆಗೆ ತಾನೇ ಎಷ್ಟು ಬೆಲೆ ಒಪ್ಪಿಕೊಳ್ಳಬೇಕು ಅನ್ನುವುದು ನೀತಿಯ ಪ್ರಶ್ನೆ. ನಮ್ಮಂಥವರ ಪಾಲಿಗೆ ಇದು ಬಹಳ ಹಳೆಯ ಪ್ರಶ್ನೆಯೂ ಹೌದು.

ಬುದ್ಧಿ ಹೇಳುವವರಲ್ಲಿ ಎರಡು ಗುಂಪಿದೆ. ಒಂದು ಗುಂಪು, “ಸಿಕ್ಕಿದ್ದು ಬಿಡಬೇಡ, ಅನುಭವಾನೇ ಸಂಬಳ” ಅನ್ನುತ್ತದೆ. ಇನ್ನೊಂದು ಗುಂಪು, “ಕಡಿಮೆಗೆ ಮಾಡಿ ರೇಟ್ ಕೆಡಿಸಬೇಡ, ನಿನ್ನಿಂದ ಎಲ್ರೂ ಹಾಳಾಗ್ತಾರೆ” ಅನ್ನುತ್ತದೆ. ಮೊದಲನೆಯವರು ನಮಗೆ ಆಸೆ ತೋರಿಸುತ್ತಾರೆ. ಎರಡನೆಯವರು ನಮ್ಮ ಮೇಲೆ ತಪ್ಪು ಹೊರಿಸುತ್ತಾರೆ. ಇಬ್ಬರೂ ಮರೆಯುವ ಸಂಗತಿ ಒಂದಿದೆ. ಇವರ ಮುಂದೆ ನಿಂತ ಹುಡುಗ ಬೆಳಗ್ಗೆ ಉಂಡು ಬಂದಿದ್ದಾನೋ ಇಲ್ಲವೋ ಅಂತ ಇಬ್ಬರೂ ಕೇಳುವುದಿಲ್ಲ.

ಮೊದಲನೆಯ ಮಾತನ್ನು ತೆಗೆದುಕೊಳ್ಳೋಣ. ಅನುಭವವೇ ಸಂಬಳ ಅನ್ನುವ ಮಾತು ನಮಗೆ ಹೊಸದಲ್ಲ. ಹೆಸರು ಮಾತ್ರ ಹೊಸದು. ನಮ್ಮ ಹಿರೀಕರು ಊರಿಗೆ ತೋಟಿ ಕೆಲಸ ಮಾಡಿದರು, ತಳವಾರಿಕೆ ಮಾಡಿದರು, ಸತ್ತ ದನ ಹೊತ್ತರು, ಸಾವಿನ ಸುದ್ದಿ ಮುಟ್ಟಿಸಲು ಹತ್ತಾರು ಮೈಲಿ ನಡೆದರು. ಅದಕ್ಕೆ ಯಾರೂ ಕಡಿಮೆ ಕೂಲಿ ಅನ್ನುವ ಹೆಸರಿಡಲಿಲ್ಲ. ಪದ್ಧತಿ ಅಂದರು, ಮಿರಾಸಿ ಅಂದರು, ಹಕ್ಕು ಅಂತಲೂ ಅಂದರು. ಸುಗ್ಗಿಯಲ್ಲಿ ಕಣದ ಮೂಲೆಗೆ ಉಳಿದ ಕಾಳು ಕೊಟ್ಟು ದಾನ ಅಂದರು. ಮಹಾರಾಷ್ಟ್ರದಲ್ಲಿ ಮಹಾರರಿಗೆ ಇದೇ ಥರದ ವತನ ಇತ್ತು. ತುಂಡು ಭೂಮಿ ಕೊಟ್ಟು ಇಡೀ ಆಯುಷ್ಯವನ್ನು ಬಿಟ್ಟಿ ಚಾಕರಿಗೆ ಬರೆಸಿಕೊಳ್ಳುವ ಉಪಾಯ ಅದು. 1928ರಲ್ಲಿ ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ ಅದರ ವಿರುದ್ಧ ಮಸೂದೆ ತಂದರು. ನಮ್ಮ ರಾಜ್ಯದಲ್ಲಿ ಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯಿದೆ ಬಂದದ್ದು 1961ರಲ್ಲಿ. ದೇಶಕ್ಕೆ ಜೀತ ನಿರ್ಮೂಲನ ಕಾಯಿದೆ ಬಂದದ್ದು 1976ರಲ್ಲಿ.

ಈ ಪದ್ಧತಿಗಳ ಗುಟ್ಟು ಏನಾಗಿತ್ತು? ಕೂಲಿಯ ಜಾಗದಲ್ಲಿ ಬೇರೆ ಏನನ್ನೋ ಇಡುವುದು. ಒಂದು ಕಾಲಕ್ಕೆ ಪುಣ್ಯ ಇಟ್ಟರು, ಇನ್ನೊಂದು ಕಾಲಕ್ಕೆ ಒಡೆಯರ ಕೃಪೆ ಇಟ್ಟರು. ಈಗ ಅನುಭವ ಇಡುತ್ತಿದ್ದಾರೆ, ಹೆಸರು ಬರುತ್ತೆ ಅನ್ನುವ ಆಸೆ ಇಡುತ್ತಿದ್ದಾರೆ. ಡ್ರೋನ್ ಹಾರಿಸುವ ಹುಡುಗ ತೋಟಿಯಲ್ಲ, ಜೀತದಾಳಲ್ಲ, ಅದು ನಮಗೂ ಗೊತ್ತು. ಅವನು ಬಿಟ್ಟು ಹೋಗಬಹುದು, ಅವರು ಹೋಗಲಾಗುತ್ತಿರಲಿಲ್ಲ. ಈ ವ್ಯತ್ಯಾಸ ದೊಡ್ಡದು, ಅದನ್ನು ಗೆಲ್ಲಲು ತಲೆಮಾರುಗಳೇ ಸವೆದವು. ಆದರೆ ಕೂಲಿ ಬದಲಿಗೆ ಮಾತು ಕೊಡುವ ಚಟ ಮಾತ್ರ ಹಾಗೇ ಉಳಿದಿದೆ. ಅದನ್ನು ಗುರುತಿಸುವ ಕಣ್ಣು ನಮಗಲ್ಲದೆ ಇನ್ನಾರಿಗಿದ್ದೀತು?

“ಮೂರು ತಿಂಗಳು ಕಡಿಮೆಗೆ ಮಾಡು, ಆಮೇಲೆ ಜಾಸ್ತಿ ಕೇಳು” ಅನ್ನುವವರಿಗೆ ಒಂದು ಮಾತು. ಕಡಿಮೆಗೆ ಕರೆದವನು ನಾಲ್ಕನೇ ತಿಂಗಳು ಜಾಸ್ತಿ ಕೊಡುವುದಿಲ್ಲ, ಇನ್ನೊಬ್ಬ ಹೊಸಬನನ್ನು ಕರೆಯುತ್ತಾನೆ. ತರಬೇತಿ ಶಾಲೆಗಳು ತಂಡ ತಂಡವಾಗಿ ಹುಡುಗರನ್ನು ಹೊರಗೆ ಬಿಡುತ್ತಲೇ ಇರುತ್ತವೆ. ಹೊಸಬ ಅನ್ನುವವನು ಈ ನಾಡಿನಲ್ಲಿ ಮುಗಿಯುವ ಸರಕಲ್ಲ.

ಇನ್ನು ಲೆಕ್ಕ. ನಮ್ಮ ಹುಡುಗರು ಕೂಲಿ ಅಂದರೆ ಕೈಗೆ ಬಂದ ದುಡ್ಡು ಅಂದುಕೊಳ್ಳುತ್ತಾರೆ. ಕೈಗೆ ಬಂದದ್ದರಲ್ಲಿ ಎಷ್ಟು ಕೈಯಲ್ಲಿ ಉಳಿಯುತ್ತೆ ಅಂತ ನೋಡಬೇಕು. ಒಂದು ಲೆಕ್ಕಕ್ಕೆ ಹಿಡಿಯೋಣ. ತರಬೇತಿ, ಯಂತ್ರ, ಬ್ಯಾಟರಿ ಎಲ್ಲ ಸೇರಿ 1,20,000 ರೂಪಾಯಿ ಆಯಿತು ಅನ್ನಿ. ಮೂರು ವರ್ಷದಲ್ಲಿ ಅದು ತೀರಬೇಕೆಂದರೆ ತಿಂಗಳಿಗೆ 3,333 ರೂಪಾಯಿ. ತಿಂಗಳಿಗೆ ಎಂಟು ಕೆಲಸ ಸಿಕ್ಕರೆ ಒಂದೊಂದು ಕೆಲಸದ ತಲೆಯ ಮೇಲೆ ಸುಮಾರು 417. ಬಡ್ಡಿ ಬೇರೆ, ಅದನ್ನು ಬಿಡೋಣ. ಪೆಟ್ರೋಲಿಗೆ 200, ಬ್ಯಾಟರಿ ಸವೆತಕ್ಕೆ 150. ಒಟ್ಟು 767 ಆಯಿತು. ಮದುವೆ ಮನೆಯವರ ಏಜೆಂಟು ದಿನಕ್ಕೆ ಸಾವಿರ ಕೊಟ್ಟರೆ ಉಳಿಯುವುದು 233. ಅದೇ 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಅಂದರೆ ಆಕಾಶದಲ್ಲಿ ಯಂತ್ರ ಹಾರಿಸಿದ ಮಗನಿಗಿಂತ ಕೆರೆಯ ಹೂಳು ಹೊತ್ತ ಅವ್ವನ ಕೂಲಿ ಜಾಸ್ತಿ. ಇಂಥ ದಿನ ಮಗ ದುಡಿದು ತಂದ ಅನ್ನಲಾಗುವುದಿಲ್ಲ. ಅವ್ವನ ದುಡಿಮೆಯ ಒಂದು ಪಾಲನ್ನು ಮದುವೆ ಮನೆಗೆ ಮುಯ್ಯಿ ಮಾಡಿ ಬಂದ ಅನ್ನಬೇಕು.

ಈ ಲೆಕ್ಕದಲ್ಲಿ ಒಂದು ಬಾಬತ್ತನ್ನು ನಾವು ಸೇರಿಸಿಯೇ ಇಲ್ಲ. ಅದು ಬೀಳುವ ಬೆಲೆ.

ಹಾರುವ ಯಂತ್ರ ಬೀಳುತ್ತದೆ. ದೊಡ್ಡವರ ಯಂತ್ರವೂ ಬೀಳುತ್ತದೆ. 2019ರ ಸೆಪ್ಟೆಂಬರ್ 17ರಂದು ಇಲ್ಲಿಂದ ಎದ್ದ ರುಸ್ತುಂ-2 ನಮ್ಮದೇ ತಾಲ್ಲೂಕಿನ ಜೋಡಿಚಿಕ್ಕೇನಹಳ್ಳಿಯ ತೋಟಕ್ಕೆ ಬಿತ್ತು. 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ತಿರದ ಹೊಲಕ್ಕೆ ತಪಸ್ ಬಿತ್ತು. ರುಸ್ತುಂಗೇ ಆಮೇಲೆ ಇಟ್ಟ ಹೆಸರು ತಪಸ್. ಜನ ಓಡಿಬಂದು ನೋಡಿದರು, ಪೊಲೀಸರು ಸುತ್ತುಗಟ್ಟಿದರು, ಅಧಿಕಾರಿಗಳು ಚೂರುಗಳನ್ನು ಆಯ್ದುಕೊಂಡು ಹೋದರು. ಬಿದ್ದದ್ದನ್ನು ಪರೀಕ್ಷೆಯ ಖಾತೆಗೆ ಬರೆದುಕೊಂಡರು. ಅದು ಸರಿ. ಬೀಳದೆ ಯಾರೂ ಹಾರುವುದು ಕಲಿತಿಲ್ಲ. ಆದರೆ ನಮ್ಮ ಹುಡುಗನ ಯಂತ್ರ ಮದುವೆ ಛತ್ರದ ವಿದ್ಯುತ್ ತಂತಿಗೆ ತಾಗಿ ಬಿದ್ದರೆ ಅದನ್ನು ಬರೆಯುವ ಖಾತೆ ಯಾವುದು? ಅಕ್ಕನ ಓಲೆಯ ಖಾತೆ. ದೇಶಕ್ಕೆ ಬೀಳುವ ಹಕ್ಕಿದೆ, ಬಡವನಿಗೆ ಇಲ್ಲ. ಬಡವ ಒಂದು ಸಲ ಬಿದ್ದರೆ ಕಸುಬೇ ಮುಗಿಯಿತು.

ಆದ್ದರಿಂದ ಕೂಲಿ ಕಡಿಮೆಯೋ ಸರಿಯೋ ಅಂತ ಅಳೆಯಲು ನಾವು ಒಂದೇ ಕೋಲು ಹಿಡಿಯುತ್ತೇವೆ. ಬಿದ್ದರೆ ಯಾರದು?

ಕರೆದವನು “ಬಿದ್ರೆ ನಾನಿದೀನಿ” ಅಂದರೆ, ಪಕ್ಕದಲ್ಲಿ ನಿಂತು ಗಾಳಿ ನೋಡುವುದು ಕಲಿಸಿದರೆ, ತನ್ನ ಯಂತ್ರ ಕೊಟ್ಟರೆ, ಅಲ್ಲಿ ದುಡ್ಡು ಕಡಿಮೆಯಾದರೂ ಹೋಗಬಹುದು. ಅದು ಕಲಿಕೆ. ಬಡಗಿಯ ಹತ್ತಿರ, ಮೊಳಕಾಲ್ಮೂರಿನ ಮಗ್ಗದ ಹತ್ತಿರ ಮಕ್ಕಳು ಕಲಿತದ್ದು ಹಾಗೆಯೇ. ಕಲಿಯುವವನ ಕೈಯಲ್ಲಿ ನೂಲು ಕಡಿದರೆ ನಷ್ಟ ಮಗ್ಗದವನದು. ಆದರೆ ಕರೆದವನು ಕೂಲಿಯನ್ನು ಕಡಿದು, ಮೇಲೆ “ಬಿದ್ರೆ ನಿಂದು, ಯಾರಿಗಾದ್ರೂ ತಾಗಿದ್ರೂ ನಿಂದು” ಅಂದರೆ ಅದು ಕಲಿಕೆಯಲ್ಲ. ಅವನು ತನ್ನ ಅಪಾಯವನ್ನು ನಮ್ಮ ಬೆನ್ನಿಗೆ ಕಟ್ಟಿ, ಹೊತ್ತದ್ದಕ್ಕೆ ಬಾಡಿಗೆಯನ್ನೂ ಉಳಿಸಿಕೊಳ್ಳುತ್ತಿದ್ದಾನೆ.

ಇದು ಬರೀ ದುಡ್ಡಿನ ಮಾತಲ್ಲ. ನಿಯಮದ ಪ್ರಕಾರ ಹಾರಿಸುವ ಮುಂಚೆ ನಕ್ಷೆ ನೋಡಬೇಕು. ಹಸಿರು, ಹಳದಿ, ಕೆಂಪು ಅಂತ ಆಕಾಶವನ್ನು ಮೂರು ಬಣ್ಣ ಮಾಡಿದ್ದಾರೆ. ಕೆಂಪು ವಲಯದಲ್ಲಿ ಕೇಂದ್ರದ ಅನುಮತಿಯಿಲ್ಲದೆ ಏಳುವ ಹಾಗಿಲ್ಲ. ಅತಿ ಸಣ್ಣವನ್ನು ಬಿಟ್ಟರೆ ಉಳಿದವಕ್ಕೆ ವಿಮೆ ಬೇಕು. ತಪ್ಪಿದರೆ ಒಂದು ಲಕ್ಷದವರೆಗೆ ದಂಡ. ರಕ್ಷಣಾ ಇಲಾಖೆಯ ಗೋಡೆಯ ಬಗಲಲ್ಲೇ ಬದುಕುವ ನಮಗೆ ಇದು ಹುಡುಗಾಟವಲ್ಲ. ಅಗ್ಗಕ್ಕೆ ಕರೆಯುವವನು ಸಾಮಾನ್ಯವಾಗಿ ಇದನ್ನೆಲ್ಲ ಕೇಳುವುದಿಲ್ಲ. “ಎರಡು ನಿಮಿಷ ಎಬ್ಸಿ ಇಳ್ಸು, ಯಾರ್ ನೋಡ್ತಾರೆ” ಅನ್ನುತ್ತಾನೆ. ನೋಡುವವರು ಬಂದಾಗ ಅವನಿರುವುದಿಲ್ಲ. ಠಾಣೆಯಲ್ಲಿ ನಿಲ್ಲುವುದು ನಮ್ಮ ಹುಡುಗ, ಅಲ್ಲಿ ಅವನ ಹೆಸರಿನ ಜೊತೆ ಅವನ ಕೇರಿಯ ಹೆಸರನ್ನೂ ಕೇಳುತ್ತಾರೆ. ಔಷಧಿ ಹೊಡೆಯುವಲ್ಲಿಯೂ ಅಷ್ಟೆ. ಡ್ರೋನ್ ಬಂದ ಮೇಲೆ ಬೆನ್ನಿಗೆ ಪಂಪು ಕಟ್ಟುವುದು ತಪ್ಪಿತು, ಸಂತೋಷ. ಆದರೆ ವಿಷ ಕಲಸುವ ಕೈ ಇನ್ನೂ ಮನುಷ್ಯನದೇ. ಕೈಗವಸು, ಮುಖಕ್ಕೆ ಮುಚ್ಚಿಗೆ ಇಲ್ಲದ ಕೂಲಿ ಎಷ್ಟೇ ಇರಲಿ, ಅದು ಕಡಿಮೆಯೇ.

ಈಗ ಎರಡನೆಯ ಗುಂಪಿನ ಮಾತು. ಕಡಿಮೆಗೆ ಮಾಡಿದವನು ಎಲ್ಲರ ರೇಟ್ ಕೆಡಿಸುತ್ತಾನೆ ಅನ್ನುತ್ತಾರೆ. ಹಾಗಾದರೆ ಹಸಿದವನ ಒಪ್ಪಿಗೆ ಒಪ್ಪಿಗೆಯೆ?

ಈ ಪ್ರಶ್ನೆಗೆ ದೇಶದ ಸುಪ್ರೀಂ ಕೋರ್ಟೇ ಒಮ್ಮೆ ಉತ್ತರ ಕೊಟ್ಟಿದೆ. 1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ಅದಕ್ಕಾಗಿ ಕ್ರೀಡಾಂಗಣ, ಮೇಲ್ಸೇತುವೆ ಕಟ್ಟಲು ದೂರದ ರಾಜ್ಯಗಳಿಂದ ಕೂಲಿಗಳನ್ನು ತಂದರು. ಆಗ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಅದರಲ್ಲಿ ಜಮಾದಾರರು ತಲೆಗೊಂದು ರೂಪಾಯಿ ಮುರಿದುಕೊಂಡು 8 ರೂಪಾಯಿ 25 ಪೈಸೆ ಕೊಡುತ್ತಿದ್ದರು. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸಂಘಟನೆಯವರು ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿಗೆ ಒಂದು ಕಾಗದ ಬರೆದರು. ಕಾಗದವೇ ಅರ್ಜಿಯಾಯಿತು. ತೀರ್ಪಿನ ತಿರುಳು ಹೀಗಿತ್ತು: ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ. ಬಲವಂತ ಅಂದರೆ ಕೈ ಕಟ್ಟಿ ದುಡಿಸುವುದಷ್ಟೇ ಅಲ್ಲ. ಹಸಿವು, ಬಡತನ ಇವೂ ಮನುಷ್ಯನ ಮುಂದೆ ಬೇರೆ ದಾರಿ ಉಳಿಸದಂತೆ ಬಲವಂತ ಮಾಡುತ್ತವೆ. ಕನಿಷ್ಠ ಕೂಲಿಗಿಂತ ಕಡಿಮೆಗೆ ಒಬ್ಬ ದುಡಿಯುತ್ತಿದ್ದಾನೆ ಅಂದರೆ ಅವನನ್ನು ಯಾವುದೋ ಬಲವಂತ ಅಲ್ಲಿಗೆ ನೂಕಿದೆ ಅಂತಲೇ ತಿಳಿಯಬೇಕು.

ಈ ತೀರ್ಪನ್ನು ನಮ್ಮ ಹುಡುಗರು ಓದಬೇಕು, ಅವರ ಮೇಲೆ ತಪ್ಪು ಹೊರಿಸುವವರು ಎರಡು ಸಲ ಓದಬೇಕು. ಮನೆಯಲ್ಲಿ ಹಿಟ್ಟಿಲ್ಲದವನು 500 ರೂಪಾಯಿಗೆ ಒಪ್ಪಿದರೆ ಅವನನ್ನು ಕರುಣೆಯಿಂದಲೂ ನೋಡಬೇಡಿ, ಕೋಪದಿಂದಲೂ ನೋಡಬೇಡಿ. ಆ ಬೆಲೆ ಇಟ್ಟವನು ಅವನಲ್ಲ.

ಆ ತೀರ್ಪು ನಿಂತದ್ದು ಕನಿಷ್ಠ ಕೂಲಿ ಅನ್ನುವ ಒಂದು ಗೆರೆಯ ಮೇಲೆ. ಆ ಗೆರೆ ಎಲ್ಲಿಂದ ಬಂತು? 1946ರಲ್ಲಿ ವೈಸ್‌ರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದ ಅಂಬೇಡ್ಕರ್ ಕನಿಷ್ಠ ವೇತನ ಮಸೂದೆಯನ್ನು ಮಂಡಿಸಿದರು. 1948ರಲ್ಲಿ ಅದು ಕಾಯಿದೆಯಾಯಿತು. ಈಗ ಅದರ ಜಾಗಕ್ಕೆ ವೇತನ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಆದರೆ ಗೆರೆ ಇರುವುದು ನೌಕರನಿಗೆ. ಇವತ್ತು ಈ ಮದುವೆ, ನಾಳೆ ಆ ಹೊಲ ಅಂತ ತಿರುಗುವವನನ್ನು ಯಾರೂ ನೌಕರ ಅನ್ನುವುದಿಲ್ಲ. ಅವನನ್ನು ಸ್ವತಂತ್ರ ಪೈಲಟ್ ಅನ್ನುತ್ತಾರೆ. ಆ್ಯಪುಗಳ ಮೂಲಕ ಊಟ ಸಾಗಿಸುವ, ಕಾರು ಓಡಿಸುವ ಹುಡುಗರಿಗಾಗಿ ಕರ್ನಾಟಕ 2025ರಲ್ಲಿ ಒಂದು ಕಾಯಿದೆ ಮಾಡಿತು. ಫೋನಿನಲ್ಲಿ ಬಾಯಿಮಾತಿಗೆ ಕರೆಸಿಕೊಂಡು ಹೋಗುವ ಡ್ರೋನ್ ಹುಡುಗ ಅದರೊಳಗೂ ಬರುವುದಿಲ್ಲ. ಹೆಸರು ಸ್ವತಂತ್ರ, ಕಾಲಿಡಲು ನೆಲವಿಲ್ಲ.

ಹಾಗಾದರೆ ನಿಜವಾಗಿ ರೇಟ್ ಕೆಡಿಸುವವನು ಯಾರು? ನಮ್ಮ ತಾಲ್ಲೂಕನ್ನೇ ನೋಡಿದರೆ ಗೊತ್ತಾಗುತ್ತದೆ. ದುಡ್ಡಿನ ಜರೂರಿಲ್ಲದವನು ಕೆಡಿಸುತ್ತಾನೆ. ಅಪ್ಪನ ಎಣ್ಣೆ ಮಿಲ್ಲೋ ಅಂಗಡಿಯೋ ಇರುತ್ತದೆ. ಶೋಕಿಗೆ ಯಂತ್ರ ಕೊಂಡಿರುತ್ತಾನೆ. ನೆಂಟರ ಮದುವೆಗೆ, ಲೀಡರ ಹುಟ್ಟುಹಬ್ಬಕ್ಕೆ ಪುಕ್ಕಟೆ ಹಾರಿಸುತ್ತಾನೆ. ನಿಯಮವೂ ಅವನ ಕಡೆಗೇ ವಾಲಿದೆ. ಎರಡು ಕಿಲೋದೊಳಗಿನ ಯಂತ್ರವನ್ನು ವ್ಯಾಪಾರಕ್ಕಲ್ಲದೆ ಹಾರಿಸುವವನಿಗೆ ಪೈಲಟ್ ಪ್ರಮಾಣಪತ್ರವೇ ಬೇಡ. ಹೊಟ್ಟೆಪಾಡಿಗೆ ಹಾರಿಸುವವನಿಗೆ ಬೇಕು. ಹೀಗೆ ಸಾಲ ಮಾಡಿ ಪತ್ರ ತಂದ ನಮ್ಮ ಹುಡುಗ, ಪತ್ರವೂ ಬೇಡದ, ಕೂಲಿಯೂ ಬೇಡದ ಹುಡುಗನ ಜೊತೆ ಪೈಪೋಟಿಗೆ ನಿಲ್ಲಬೇಕು. ಆಮೇಲೆ ಮದುವೆ ಮನೆಯವರು, “ಅವ್ರ ಹುಡುಗ ಸುಮ್ನೆ ಮಾಡ್ಕೊಟ್ಟ, ನಿಂಗ್ಯಾಕೆ ಎರಡು ಸಾವ್ರ?” ಅಂತ ಕೇಳುತ್ತಾರೆ. ರೇಟ್ ಬಿದ್ದದ್ದು ಅಲ್ಲಿ, ನಮ್ಮ ಕೇರಿಯಲ್ಲಲ್ಲ.

ಇದರಿಂದ ನಮಗೆ ಒಂದು ನೀತಿ ಹೊಳೆಯುತ್ತದೆ. ಒಲ್ಲೆ ಅನ್ನುವ ಹೊಣೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಯಾರ ಮನೆಯಲ್ಲಿ ನಾಳೆಯ ಊಟ ಇದೆಯೋ ಅವನು ಮೊದಲು ಒಲ್ಲೆ ಅನ್ನಬೇಕು. ಮನೆಯಲ್ಲಿ ಒಬ್ಬರಿಗೆ ಸರ್ಕಾರಿ ಸಂಬಳ ಬರುತ್ತಿದ್ದರೆ, ಎರಡು ಎಕರೆ ನೀರಾವರಿ ಇದ್ದರೆ, ಸಾಲ ತೀರಿದ್ದರೆ, ಅಂಥವನು ಅಗ್ಗಕ್ಕೆ ಹೋಗುವುದು ಹಸಿದವನ ತಟ್ಟೆಗೆ ಕೈ ಹಾಕಿದ ಹಾಗೆ. ಈ ಮಾತನ್ನು ನಾವು ಎಣ್ಣೆ ಮಿಲ್ಲಿನವರ ಮಗನಿಗೆ ಮಾತ್ರ ಹೇಳುತ್ತಿಲ್ಲ. ನಮ್ಮಲ್ಲೂ ಓದಿ ಒಂದು ಮೆಟ್ಟಿಲು ಹತ್ತಿದವರಿದ್ದಾರೆ. ಅವರಿಗೂ ಹೇಳುತ್ತಿದ್ದೇವೆ. ಮೆಟ್ಟಿಲು ಹತ್ತಿದವನಿಗೆ ಸಿಕ್ಕ ಮೊದಲ ಶಕ್ತಿಯೇ ಒಲ್ಲೆ ಅನ್ನುವ ಶಕ್ತಿ. ಅದನ್ನು ತನಗೊಬ್ಬನಿಗೇ ಖರ್ಚು ಮಾಡಿಕೊಂಡರೆ ಹತ್ತಿದ್ದೂ ದಂಡ.

ಹಾಗಾದರೆ ಕಡಿಮೆಗೆ ಮಾಡುವುದೇ ಪಾಪವೆ? ಹಾಗೆ ಹೇಳುವುದಿಲ್ಲ. ಕುದಾಪುರದ ಹತ್ತಿರವೇ ನಾಯಕನಹಟ್ಟಿ ಇದೆ. ಕೆರೆ ಕಟ್ಟಿಸಿದವನು ಅಂತ ಜನ ತಿಪ್ಪೇರುದ್ರಸ್ವಾಮಿಯನ್ನು ನೆನೆಯುತ್ತಾರೆ. ಮಾಡಿದಷ್ಟು ನೀಡು ಭಿಕ್ಷೆ ಅನ್ನುವ ಅವನ ಮಾತು ಈ ಸೀಮೆಯಲ್ಲಿ ಮಕ್ಕಳ ಬಾಯಲ್ಲೂ ಇದೆ. ಆ ಮಾತಿನಲ್ಲಿರುವ ಭಿಕ್ಷೆ ಅನ್ನುವ ಪದ ನಮಗೆ ಒಗ್ಗುವುದಿಲ್ಲ. ಕೂಲಿ ಭಿಕ್ಷೆಯಲ್ಲ. ಆದರೆ ಮಾಡಿದಷ್ಟು ಅನ್ನುವ ಪದ ನಮಗೆ ಬೇಕು. ಮಾಡಿದ್ದಕ್ಕೆ ಅಳತೆ ಇದೆ, ಆ ಅಳತೆಗೆ ತಕ್ಕಂತೆ ಕೊಡಬೇಕು ಅನ್ನುವುದನ್ನು ಆ ಪದ ಒಪ್ಪಿಕೊಂಡಿದೆ.

ಅಳತೆ ಒಪ್ಪಿದ ಮೇಲೆ ಬಿಡುವುದು ಬೇರೆ ಮಾತು. ಗಂಡ ಸತ್ತ ಹೆಂಗಸಿನ ಎರಡು ಎಕರೆ ಶೇಂಗಾಕ್ಕೆ ಸುಳಿ ಹುಳ ಬಿದ್ದಿದೆ ಅನ್ನಿ. ಅವಳ ಹತ್ತಿರ ಅರ್ಧ ದುಡ್ಡಷ್ಟೇ ಇದೆ. ಅಲ್ಲಿ ಅರ್ಧಕ್ಕೆ ಹೊಡೆದು ಬರುವವನನ್ನು ರೇಟ್ ಕೆಡಿಸಿದ ಅನ್ನಲು ನಮ್ಮ ನಾಲಿಗೆ ಏಳದು. ಅವಳೂ ನಮ್ಮ ಹಾಗೆ ಬಿದ್ದರೆ ಎದ್ದೇಳಲಾಗದವಳು. ಬೆಳೆ ಹೋದರೆ ಅವಳ ವರ್ಷ ಹೋಯಿತು. ನಮ್ಮ ಕಡೆ ಮುಯ್ಯಾಳು ಅನ್ನುವ ಪದ್ಧತಿ ಇದೆ. ಇವತ್ತು ನಿನ್ನ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀನು. ಅದರಲ್ಲಿ ದುಡ್ಡಿಲ್ಲ, ಆದರೂ ಅದನ್ನು ಯಾರೂ ಬಿಟ್ಟಿ ಅನ್ನುವುದಿಲ್ಲ. ಯಾಕಂದ್ರೆ ಅಲ್ಲಿ ಬೀಳುವುದು ಇಬ್ಬರಿಗೂ ಒಂದೇ. ನೂರಾರು ಎಕರೆ ಸೋಲಾರ್ ಹಲಗೆ ಹಾಕಿದವರಿಗೆ ನಾವು ಮುಯ್ಯಿ ಮಾಡಬೇಕಿಲ್ಲ. ಅವರು ನಾಳೆ ನಮ್ಮ ಹೊಲಕ್ಕೆ ಬರುವುದಿಲ್ಲ.

ಒಂದು ಎಚ್ಚರ ಬೇಕು. ಪೈಪೋಟಿಯ ಸಿಟ್ಟು ತಪ್ಪು ಕಡೆಗೆ ತಿರುಗಬಾರದು. 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಡ್ರೋನ್ ದೀದಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್, ಬೆಲೆಯ ಶೇಕಡ 80ರಷ್ಟು, ಅಂದರೆ ಎಂಟು ಲಕ್ಷದವರೆಗೆ ನೆರವು, ಒಟ್ಟು 1,261 ಕೋಟಿ ರೂಪಾಯಿ. ನಮ್ಮ ಕೆಲವು ಹುಡುಗರು, “ಹೆಂಗಸ್ರಿಗೆ ಸಬ್ಸಿಡಿ ಯಂತ್ರ ಕೊಟ್ಟು ನಮ್ ಹೊಟ್ಟೆ ಮೇಲೆ ಹೊಡೆದ್ರು” ಅಂತ ಗೊಣಗುವುದುಂಟು. ಲೆಕ್ಕ ಮಾಡಿ ನೋಡಿ. ಒಂದು ಸಂಘಕ್ಕೆ ವರ್ಷಕ್ಕೆ ಕಡೇ ಪಕ್ಷ ಒಂದು ಲಕ್ಷ ರೂಪಾಯಿ ಹೆಚ್ಚಿನ ಆದಾಯ ಅಂತ ಸರ್ಕಾರವೇ ಹೇಳಿದೆ. ತಿಂಗಳಿಗೆ 8,333 ಆಯಿತು. ಹತ್ತು ಜನರ ಸಂಘವಾದರೆ ತಲೆಗೆ 833. ಇದು ನಮ್ಮ ಹೊಟ್ಟೆ ಹೊಡೆಯುವ ಸಂಪತ್ತೆ? ಅವಳು ನಮ್ಮ ಅವ್ವನ ಸಂಘದವಳು. ಅವಳ ಬಿಲ್ಲಿಗೂ ನಮ್ಮ ಬಿಲ್ಲಿಗೂ ಬರೆಯುವ ದರ ಒಂದೇ ಆಗಲಿ ಅಂತ ಅವಳ ಜೊತೆ ಕೂತು ಮಾತಾಡುವುದು ನಮ್ಮ ಕೆಲಸ.

ಕೊನೆಗೆ ಮಾಡುವುದೇನು? ದೊಡ್ಡ ಘೋಷಣೆ ಬೇಡ. ಕೈಗೆಟಕುವ ನಾಲ್ಕು ಮಾತು ಹೇಳುತ್ತೇವೆ.

ಮೊದಲನೆಯದು, ದರ ಬಚ್ಚಿಡಬೇಡಿ. ಕಡಿಮೆಗೆ ಹೋಗಬೇಕಾಗಿ ಬಂದರೆ ಹೋಗಿ, ಆದರೆ ಎಷ್ಟಕ್ಕೆ ಹೋದಿರಿ ಅಂತ ಜೊತೆಯವರಿಗೆ ಹೇಳಿ. ನಾಚಿಕೆಯಿಂದ ಮುಚ್ಚಿಟ್ಟ ದರವೇ ಏಜೆಂಟಿನ ಬಂಡವಾಳ. “ಅವ್ನು ಏಳ್ನೂರಕ್ಕೆ ಬಂದ” ಅಂತ ನಿನಗೆ ಹೇಳಿ, ನಿನ್ನ ಹೆಸರು ಹೇಳಿ ಅವನನ್ನು ಇಳಿಸುತ್ತಾನೆ. ನಾವು ಒಬ್ಬರಿಗೊಬ್ಬರು ನಿಜ ಹೇಳಿಕೊಂಡರೆ ಆ ಆಟ ಅಲ್ಲಿಗೇ ನಿಲ್ಲುತ್ತದೆ. ಒಲ್ಲೆ ಅನ್ನಲು ಹೊಟ್ಟೆ ತುಂಬಿರಬೇಕು, ನಿಜ ಹೇಳಲು ಬೇಕಾಗಿಲ್ಲ.

ಎರಡನೆಯದು, ಬಿಲ್ಲಿನಲ್ಲಿ ಪೂರ್ತಿ ದರ ಬರೆಯಿರಿ, ಬಿಟ್ಟದ್ದನ್ನು ಕೆಳಗೆ ಬರೆಯಿರಿ. ದರ 2,000, ಬಿಟ್ಟದ್ದು 1,000, ಕೊಟ್ಟದ್ದು 1,000. ಸಾವಿರಕ್ಕೆ ಸಿಗುವವನು ಅನ್ನಿಸಿಕೊಳ್ಳುವುದಕ್ಕೂ, ಎರಡು ಸಾವಿರದವನು ಸಾವಿರ ಬಿಟ್ಟ ಅನ್ನಿಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಕೊಟ್ಟವನು ಅವನು, ಎರಡನೆಯದರಲ್ಲಿ ಕೊಟ್ಟವರು ನಾವು.

ಮೂರನೆಯದು, ಬಿದ್ದರೆ ಯಾರದು ಅಂತ ಹಾರಿಸುವ ಮುಂಚೆ ಕೇಳಿ, ಕಾಗದದ ಮೇಲೆ ಕೇಳಿ. ನಿಯಮ ಮುರಿಯುವ, ಮೈಗೆ ವಿಷ ತಾಗಿಸುವ ಕೆಲಸಕ್ಕೆ ಯಾವ ಬೆಲೆಗೂ ಹೋಗಬೇಡಿ. ಇದು ಹಸಿದವನಿಗೂ ನಾವು ಹೇಳುವ ಮಾತು. ಅಂಥ ಕೆಲಸ ನಾಳೆಯ ಹಸಿವನ್ನು ಇವತ್ತೇ ತರುತ್ತದೆ.

ನಾಲ್ಕನೆಯದು, ಉಂಡವರು ಮೊದಲು ಒಲ್ಲೆ ಅನ್ನಿ. ಒಲ್ಲೆ ಅಂದ ಕೆಲಸವನ್ನು ಸರಿಯಾದ ದರಕ್ಕೆ ಎತ್ತಿ, ಮನೆಯಲ್ಲಿ ಹಿಟ್ಟಿಲ್ಲದವನ ಕೈಗೆ ಕೊಡಿ.

“ನೀವೆಲ್ಲ ಒಟ್ಟಾದ್ರೆ ಬೆಂಗಳೂರಿಂದ ಕರೆಸ್ತೀವಿ” ಅನ್ನುವವರು ಇದ್ದಾರೆ. ಕರೆಸಲಿ. ಅವನ ಬಸ್ ಚಾರ್ಜು, ಊಟ, ವಸತಿ ಕೊಟ್ಟು ಕರೆಸಲಿ. ಆಗ ನಮ್ಮ ದರ ಎಷ್ಟಿತ್ತು ಅನ್ನುವುದು ಅವರಿಗೇ ಗೊತ್ತಾಗುತ್ತದೆ. ಬಂದವನೂ ಯಾರೋ ಒಬ್ಬ ಬಡವರ ಮಗನೇ ಆಗಿದ್ದರೆ ಅವನಿಗೂ ನಮ್ಮ ದರದ ಚೀಟಿ ಕೊಟ್ಟು ಕಳಿಸೋಣ.

ಈ ನೆಲದ ಹುಲ್ಲು ಹೋಯಿತು. ಹುಲ್ಲು ಹೋಗುವಾಗ ಅದರ ಬೆಲೆ ಎಷ್ಟು ಅಂತ ಕುರಿ ಕಾಯುವವರನ್ನು ಯಾರೂ ಕೇಳಲಿಲ್ಲ. ಯಾಕಂದ್ರೆ ಹುಲ್ಲು ಪುಕ್ಕಟೆ ಅಂತ ಎಲ್ಲರೂ ನಂಬಿದ್ದರು, ಮೇಯಿಸಿದವರೂ ಅದರ ಲೆಕ್ಕ ಬರೆದಿಟ್ಟಿರಲಿಲ್ಲ. ಈಗ ನಮ್ಮ ಹತ್ತಿರ ಉಳಿದಿರುವುದು ಕಣ್ಣು, ಕೈ, ಒಂದು ಪತ್ರ. ಇವುಗಳ ಬೆಲೆಯನ್ನಾದರೂ ನಾವೇ ಬರೆದಿಡೋಣ. ಈ ತಿಂಗಳಿಂದಲೇ ಒಂದು ನೋಟ್‌ಬುಕ್ ಇಟ್ಟು, ಯಾರು ಎಲ್ಲಿಗೆ ಎಷ್ಟಕ್ಕೆ ಹೋದರು ಅಂತ ಬರೆಯಲು ಶುರು ಮಾಡಿ.